ದಾವಣಗೆರೆಯಲ್ಲಿ ಓದುವ ಸಲಿಂಗಿ ವಿದ್ಯಾರ್ಥಿಗೆ: ಹಾಸ್ಟೆಲು, ಊರು ಮತ್ತು ರಾಜಕೀಯ

ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಹಿರಿಯೂರುಗಳಿಂದ ಓದಲೆಂದು ದಾವಣಗೆರೆಗೆ ಬರುವ ಹುಡುಗರಲ್ಲಿ, ತಮ್ಮ ಮನಸ್ಸು ಹುಡುಗರ ಕಡೆಗೇ ಹೋಗುತ್ತದೆ ಎಂಬುದನ್ನು ಒಳಗೊಳಗೇ ಬಲ್ಲವರು ಪ್ರತಿ ವರ್ಷವೂ ಇರುತ್ತಾರೆ. ಈ ಬರಹ ಅವರಿಗಾಗಿ. ಇಲ್ಲಿ ಹೇಳಿರುವ ಕಾನೂನು ಹುಡುಗಿಯರಿಗೂ ಅಷ್ಟೇ ಅನ್ವಯಿಸುತ್ತದೆಯಾದರೂ, ಹೆಣ್ಣುಮಕ್ಕಳ ಹಾಸ್ಟೆಲಿನ ಕಟ್ಟುಪಾಡುಗಳು ಬೇರೆಯೇ ಆಗಿರುವುದರಿಂದ ಅದನ್ನು ಬಲ್ಲವರೇ ಪ್ರತ್ಯೇಕವಾಗಿ ಬರೆಯುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಕುಳಿತು ಬರೆದ ಸಲಹೆಗಳು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಬೆಣ್ಣೆ ದೋಸೆಗೆ ಕಾಯುತ್ತ ಪಕ್ಕದವರೊಡನೆ ಮಾತಿಗಿಳಿದರೆ ಸಾಕು, "ಯಾವೂರು? ಯಾರ ಪೈಕಿ?" ಎಂಬ ಎರಡೇ ಪ್ರಶ್ನೆಗಳಲ್ಲಿ ನಿಮ್ಮ ಚಿಕ್ಕಪ್ಪನ ಹೆಸರು ಹೊರಬೀಳುತ್ತದೆ, ಅವರ ಅಂಗಡಿ ಮಂಡಿಪೇಟೆಯಲ್ಲಿ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಇಂಥ ಊರಿನಲ್ಲಿ ಎಲ್ಲವನ್ನೂ ಒಂದೇ ಸಲ ಬಿಚ್ಚಿಡುವುದೂ ಸರಿಯಲ್ಲ, ಐದು ವರ್ಷ ಬಾಯಿ ಕಟ್ಟಿಕೊಂಡು ಡಿಗ್ರಿ ಮುಗಿಸಿ ಓಡಿಹೋಗುವುದೂ ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ ಇದು: ನಿಮ್ಮ ಸ್ವಂತ ಬದುಕನ್ನು ಯಾರಿಗೆ, ಯಾವಾಗ ತಿಳಿಸಬೇಕೆಂಬುದನ್ನು ನೀವೇ ನಿರ್ಧರಿಸಿ, ಆದರೆ ಸಾರ್ವಜನಿಕ ಕೆಲಸಕ್ಕೆ ಆ ದಿನ ಬರಲಿ ಎಂದು ಕಾಯಬೇಡಿ. ಸಲಿಂಗಿಗಳ ಹಕ್ಕಿನ ಪರವಾಗಿ ಅರ್ಜಿ ಕೊಡಲು, ಸಭೆಯಲ್ಲಿ ಪ್ರಶ್ನೆ ಕೇಳಲು, ಮತ ಹಾಕಲು ನೀವು ಸಲಿಂಗಿ ಎಂದು ಘೋಷಿಸಿಕೊಳ್ಳಬೇಕಾದ ಅಗತ್ಯ ಎಲ್ಲಿಯೂ ಇಲ್ಲ.

ಮೊದಲು ಕಾನೂನು

ಹಾಸ್ಟೆಲಿನ ಜಗಲಿಯಲ್ಲಿ ಕಾನೂನಿನ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಬಹುಪಾಲು ಹಳೆಯವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರಿಬ್ಬರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮೇ ಇಲ್ಲ. ಆದ್ದರಿಂದ "ಪೊಲೀಸರಿಗೆ ಹಿಡಿದುಕೊಡುತ್ತೇನೆ, ಕೇಸಾಗುತ್ತದೆ" ಎಂದು ಯಾರಾದರೂ ಹೆದರಿಸಿದರೆ ಆ ಬೆದರಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ. ಅದಕ್ಕೂ ಹಿಂದೆ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕು ಎಂದು ಹೇಳಿದ ತೀರ್ಪಿನಲ್ಲಿಯೇ ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂಬ ಮಾತು ಬಂದಿತ್ತು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ.

ಇನ್ನೆರಡು ಸಂಗತಿಗಳನ್ನು ಮರೆಯುವಂತಿಲ್ಲ. ಹದಿನೆಂಟು ತುಂಬದವರೊಂದಿಗಿನ ಲೈಂಗಿಕ ಸಂಬಂಧ, ಅವರು ಒಪ್ಪಿದ್ದರೂ, ಪೋಕ್ಸೊ ಕಾಯ್ದೆಯಡಿ ಅಪರಾಧವಾಗುತ್ತದೆ. ಡಿಗ್ರಿಯ ಮೊದಲ ವರ್ಷಕ್ಕೆ ಬರುವವರಲ್ಲಿ ಹದಿನೇಳರ ಹುಡುಗರೂ ಇರುತ್ತಾರಾದ್ದರಿಂದ ಇದು ಬರೀ ಪುಸ್ತಕದ ಎಚ್ಚರಿಕೆಯಲ್ಲ. ಮತ್ತೊಂದು, ಮದುವೆ. 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಗೆ ಮಾನ್ಯತೆ ನೀಡಲು ಒಪ್ಪಲಿಲ್ಲ. ಅದು ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದಿತು. ಆದರೆ 2024ರಲ್ಲಿ ಕೇಂದ್ರ ಸರ್ಕಾರವು, ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಮತ್ತು ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸಲು ಅಡ್ಡಿಯಿಲ್ಲವೆಂದೂ, ಪಡಿತರ ಚೀಟಿಯ ಉದ್ದೇಶಕ್ಕೆ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬಹುದೆಂದೂ ಸ್ಪಷ್ಟಪಡಿಸಿದೆ.

ಹಾಸ್ಟೆಲು ಮತ್ತು ಫೋನು

ಒಂದೇ ಕೋಣೆಯಲ್ಲಿ ಮೂರೋ ನಾಲ್ಕೋ ಜನ, ಒಂದೇ ಪ್ಲಗ್ಗಿಗೆ ಸರದಿಯಲ್ಲಿ ಚಾರ್ಜಿಗೆ ಹಾಕಿದ ಫೋನುಗಳು: ಬಹಳ ಜನರ ಗುಟ್ಟು ರಟ್ಟಾಗುವುದು ಇಲ್ಲಿಯೇ. ಲಾಕ್ ಆದ ಪರದೆಯ ಮೇಲೆ ಸಂದೇಶದ ಒಕ್ಕಣೆ ಕಾಣದಂತೆ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಿ. ಊರಿನಿಂದ ಬಂದ ತಮ್ಮನಿಗೆ ಆಟಕ್ಕೆಂದು ಫೋನು ಕೊಡುವ ಮೊದಲು ಆ್ಯಪ್ ಲಾಕ್ ಹಾಕಿಕೊಳ್ಳಿ. ಡೇಟಿಂಗ್ ಆ್ಯಪ್ ಬಳಸುವವರು ದೂರವನ್ನು ತೋರಿಸುವ ಸೌಲಭ್ಯವನ್ನು ಮೊದಲ ದಿನವೇ ಮುಚ್ಚಬೇಕು. ಮಹಾನಗರದಲ್ಲಿ "ಮುನ್ನೂರು ಮೀಟರ್" ಎಂದರೆ ಸಾವಿರ ಜನ, ಇಲ್ಲಿ ಅದು ನಿಮ್ಮದೇ ಹಾಸ್ಟೆಲಿನ ಮೇಲಿನ ಅಂತಸ್ತು. ಮುಖವಿರುವ ಫೋಟೊವನ್ನೂ ಮೈ ತೋರುವ ಫೋಟೊವನ್ನೂ ಒಟ್ಟಿಗೆ ಕಳುಹಿಸಲೇಬಾರದು. ಕಾಲೇಜಿನ ಐಡಿ ಕಾರ್ಡಿನ ಪಟ್ಟಿ, ಹಾಸ್ಟೆಲಿನ ಗೋಡೆಯ ಬಣ್ಣ, ಹಿಂದೆ ಕಾಣುವ ಬೋರ್ಡು, ಇವುಗಳಿಂದಲೂ ಗುರುತು ಹತ್ತುತ್ತದೆ.

ಹೊಸಬರನ್ನು ಮೊದಲ ಸಲ ಭೇಟಿಯಾಗುವುದಾದರೆ ಕೋಣೆಯಲ್ಲಿ ಬೇಡ, ಬೈಕಿನ ಹಿಂದೆ ಕುಳಿತು ಬೈಪಾಸಿನ ಕಡೆಗೆ ಹೋಗುವುದಂತೂ ಬೇಡವೇ ಬೇಡ. ಗಾಜಿನ ಮನೆಯ ಆವರಣ, ಕುಂದವಾಡ ಕೆರೆಯ ಏರಿಯ ಮೇಲೆ ಸಂಜೆ ಜನ ನಡೆದಾಡುವ ಹೊತ್ತು, ಇಲ್ಲವೇ ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚು ಸಾಕು. ಇಬ್ಬರು ಹುಡುಗರು ಮಂಡಕ್ಕಿ ತಿನ್ನುತ್ತ ಒಂದು ಗಂಟೆ ಮಾತಾಡಿದರೆ ನಮ್ಮ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬ ಹುಡುಗ ಒಬ್ಬ ಹುಡುಗಿ ಹಾಗೆ ಕುಳಿತರೆ ನೋಡುತ್ತಾರೆ. ಈ ಒಂದು ಅನುಕೂಲವನ್ನು ಬಳಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

"ಹೆಣ್ಣಿಗ", "ಚಕ್ಕಾ" ಎಂಬ ಕೂಗುಗಳು ಹಾಸ್ಟೆಲಿನಲ್ಲಿ ತಮಾಷೆಯ ವೇಷದಲ್ಲಿಯೇ ಬರುತ್ತವೆ. ಒಂದೆರಡು ಸಲ ಕಿವಿಗೆ ಹಾಕಿಕೊಳ್ಳದೆ ಇರುವುದು ನಿಮ್ಮ ಇಷ್ಟ. ದಿನನಿತ್ಯದ ಕಾಟವಾದರೆ ಸುಮ್ಮನಿರಬೇಡಿ, ಅದು ರ‍್ಯಾಗಿಂಗ್. ಯುಜಿಸಿಯ ರ‍್ಯಾಗಿಂಗ್ ನಿಯಮಾವಳಿಗೆ 2016ರಲ್ಲಿ ಬಂದ ತಿದ್ದುಪಡಿಯು, ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯೊಬ್ಬನನ್ನು ದೈಹಿಕವಾಗಿ ಅಥವಾ ಮಾನಸಿಕವಾಗಿ ಹಿಂಸಿಸುವುದನ್ನು, ಗುಂಪಿನಿಂದ ಹೊರಗಿಡುವುದನ್ನು ರ‍್ಯಾಗಿಂಗ್ ಎಂದೇ ಹೆಸರಿಸಿದೆ. ಹೊಸಬನಾಗಿರಲಿ, ಹಳಬನಾಗಿರಲಿ ಇದು ಅನ್ವಯಿಸುತ್ತದೆ. ಸಹಾಯವಾಣಿ 1800-180-5522. ದೂರು ಕೊಡುವಾಗ ನೀವು ಯಾರೆಂದು ವಿವರಿಸಬೇಕಾಗಿಲ್ಲ. ಅವರು ಏನೆಂದರು, ಯಾವ ದಿನ, ಯಾರ ಎದುರು ಎಂಬುದಷ್ಟೇ ಸಾಕು. ಪ್ರತಿ ಘಟನೆಯನ್ನೂ ಅಂದಂದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಸಹಿತ ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಣ ಕೇಳಿ ಬೆದರಿಸಿದಾಗ

ನಮ್ಮ ಭಾಗದ ಹುಡುಗರು ಅತಿ ಹೆಚ್ಚು ಹಣ ಮತ್ತು ನೆಮ್ಮದಿಯನ್ನು ಕಳೆದುಕೊಳ್ಳುವುದು ಇದರಲ್ಲಿಯೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ತುಸು ವಿಸ್ತಾರವಾಗಿ ಬರೆಯುತ್ತೇನೆ. ಸಂಗತಿ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಆ್ಯಪಿನಲ್ಲಿ ಪರಿಚಯವಾದವನು ಎರಡು ದಿನ ಸಿಹಿಯಾಗಿ ಮಾತನಾಡಿ, ವಿಡಿಯೊ ಕರೆ ಮಾಡಿ, ಅದನ್ನು ದಾಖಲಿಸಿಕೊಳ್ಳುತ್ತಾನೆ, ಇಲ್ಲವೇ ಕೋಣೆಗೆ ಕರೆದು, ಅಲ್ಲಿ ಕಾದಿದ್ದ ಇನ್ನಿಬ್ಬರೊಡನೆ ಸೇರಿ ಫೋಟೊ ತೆಗೆಯುತ್ತಾನೆ. ಆಮೇಲೆ ಐದು ಸಾವಿರ ರೂಪಾಯಿ ಕಳಿಸು, ಇಲ್ಲದಿದ್ದರೆ ನಿನ್ನ ಅಪ್ಪನ ನಂಬರು ನನ್ನ ಬಳಿ ಇದೆ ಎನ್ನುತ್ತಾನೆ.

ಹಣ ಕೊಡಬೇಡಿ. ಐದು ಸಾವಿರ ಕೊಟ್ಟವನಿಗೆ ವಾರದೊಳಗೆ ಹದಿನೈದು ಸಾವಿರದ ಬೇಡಿಕೆ ಬರುತ್ತದೆ, ಏಕೆಂದರೆ ಕೊಡಬಲ್ಲವನೆಂದು ಆಗಲೇ ಗೊತ್ತಾಗಿರುತ್ತದೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಮೊದಲು ಅವನ ಸಂದೇಶಗಳು, ಪ್ರೊಫೈಲು, ಫೋನ್ ನಂಬರು, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ನಂಬಿಕಸ್ಥ ಗೆಳೆಯನೊಬ್ಬನಿಗೆ ಅಥವಾ ನಿಮ್ಮದೇ ಇನ್ನೊಂದು ಇಮೇಲಿಗೆ ಕಳುಹಿಸಿಡಿ. ನಂತರ ಉತ್ತರಿಸುವುದನ್ನು ನಿಲ್ಲಿಸಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಕರೆ ಮಾಡಿದಷ್ಟೂ ಆ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಫೋಟೊ ಹರಿದಾಡುವ ಭಯವಿದ್ದರೆ, ಹದಿನೆಂಟು ದಾಟಿದವರು ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯನ್ನು ಬಳಸಬಹುದು. ಫೋಟೊ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಗುರುತಿನ ಸಂಕೇತವನ್ನು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಜಾಲತಾಣಗಳಿಗೆ ಕೊಟ್ಟು, ಅದೇ ಚಿತ್ರ ಅಲ್ಲಿ ಏರದಂತೆ ತಡೆಯಲಾಗುತ್ತದೆ.

ದೂರು ಕೊಡಲು ನಗರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ, ಯಾವುದೇ ಸಾಮಾನ್ಯ ಠಾಣೆಯಲ್ಲಿಯೂ ಕೊಡಬಹುದು. ದೂರಿನಲ್ಲಿ "ಸುಲಿಗೆ" ಎಂಬ ಪದವನ್ನೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆಗೆ ಏಳು ವರ್ಷದವರೆಗೆ ಜೈಲಾಗಬಹುದು. 351ನೇ ಕಲಮು ಬೆದರಿಕೆಯದ್ದು. ಅನುಮತಿಯಿಲ್ಲದೆ ಬೆತ್ತಲೆ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಮಿಗೆ ಬರುತ್ತದೆ. ಠಾಣೆಯಲ್ಲಿ "ನೀನ್ಯಾಕಪ್ಪ ಅಲ್ಲಿಗೆ ಹೋಗಿದ್ದೆ?" ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ "ಪರಿಚಯದವನನ್ನು ನೋಡಲು ಹೋಗಿದ್ದೆ ಸರ್, ಅಲ್ಲಿ ಹೆದರಿಸಿ ಹಣ ಕೇಳಿದರು" ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬಹುದು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಒಬ್ಬರೇ ಹೋಗಬೇಡಿ, ವಕೀಲರು ಸಿಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅದರ ಸಹಾಯವಾಣಿ 15100.

ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. 377ನೇ ಕಲಮನ್ನು ಹೊಸ ಸಂಹಿತೆಯಿಂದ ಪೂರ್ತಿ ಕೈಬಿಟ್ಟಿದ್ದರಿಂದ, ವಯಸ್ಕ ಗಂಡಸಿನ ಮೇಲೆ ನಡೆಯುವ ಬಲವಂತದ ಲೈಂಗಿಕ ಕೃತ್ಯಕ್ಕೆ ಅನ್ವಯಿಸುತ್ತಿದ್ದ ಕಲಮೂ ಹೋಯಿತು. ಈಗ ಹಲ್ಲೆ, ಗಾಯ, ಅಕ್ರಮ ಬಂಧನದಂಥ ಕಲಮುಗಳಡಿಯೇ ದೂರು ಕೊಡಬೇಕಾಗುತ್ತದೆ. ರಾಜಕೀಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಮನೆಯವರಿಗೆ ಹೇಳುವುದು

ಅವಸರ ಬೇಡ. ಫೀಸು, ಊಟ, ಫೋನಿನ ರೀಚಾರ್ಜು ಎಲ್ಲವೂ ಅಪ್ಪನ ಜೇಬಿನಿಂದ ಬರುತ್ತಿರುವಾಗ ಹೇಳಿದರೆ, ಮನೆಯವರು ಮೊದಲು ಕೈಹಾಕುವುದು ಓದಿಗೇ. ಮೊದಲು ಒಬ್ಬ ಗೆಳೆಯನಿಗೋ, ಅಕ್ಕನಿಗೋ ಹೇಳಿ. ಅದೂ ಮನೆಯಲ್ಲಿ ಮದುವೆ, ಗೃಹಪ್ರವೇಶದ ಗಡಿಬಿಡಿ ಇಲ್ಲದ ದಿನ. ಅಕ್ಕಂದಿರು ಅಮ್ಮನಿಗಿಂತ ಮೊದಲೇ ಊಹಿಸಿರುತ್ತಾರೆ ಎಂಬುದು ಎಷ್ಟೋ ಮನೆಗಳ ಅನುಭವ.

ಹೇಳಿದ ಮೇಲೆ ಎರಡು ಅಪಾಯಗಳಿವೆ. "ಡಾಕ್ಟರಿಗೆ ತೋರಿಸೋಣ, ಸರಿಹೋಗುತ್ತದೆ" ಎನ್ನುವುದು ಒಂದು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ಬದಲಾಯಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದಿದೆ. ಈ ಮಾತನ್ನು ಮನೆಯವರಿಗೆ ವೈದ್ಯರ ಬಾಯಿಂದಲೇ ಕೇಳಿಸಿದರೆ ಪರಿಣಾಮ ಹೆಚ್ಚು. ಇನ್ನೊಂದು, ಊರಿಗೆ ಕರೆಸಿಕೊಂಡು ಫೋನು ಕಸಿದು ಕೂಡಿಹಾಕುವುದು. ಹದಿನೆಂಟು ದಾಟಿದವರನ್ನು ಹೆತ್ತವರೂ ಹಾಗೆ ಇರಿಸಿಕೊಳ್ಳುವಂತಿಲ್ಲ. 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ದೇವು ಜಿ. ನಾಯರ್ ಪ್ರಕರಣದಲ್ಲಿ ಇಂಥವರನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹೈಕೋರ್ಟುಗಳು ಆದ್ಯತೆಯಿಂದ ಆಲಿಸಬೇಕೆಂದೂ, ಕೌನ್ಸೆಲಿಂಗ್ ಹೆಸರಿನಲ್ಲಿ ಅವರ ಮನಸ್ಸನ್ನು ತಿರುಗಿಸಲು ನೋಡಬಾರದೆಂದೂ ಮಾರ್ಗಸೂಚಿ ಕೊಟ್ಟಿತು. ಅಂಕಪಟ್ಟಿ ಮತ್ತು ಆಧಾರ್ ಪ್ರತಿಗಳನ್ನು ಡಿಜಿಲಾಕರಿನಲ್ಲಿ ಮೊದಲೇ ಇಟ್ಟುಕೊಂಡಿರಿ.

ಮದುವೆಯ ಒತ್ತಡದ ಬಗ್ಗೆ ಒಂದೇ ಮಾತು: ಊರಿನ ಬಾಯಿ ಮುಚ್ಚಿಸಲೆಂದು ಹುಡುಗಿಯೊಬ್ಬಳನ್ನು ಮದುವೆಯಾಗುವುದು ಅವಳಿಗೆ ಮಾಡುವ ಅನ್ಯಾಯ. "ಕೆಲಸ ಸಿಗುವವರೆಗೆ ಬೇಡ" ಎಂಬ ಉತ್ತರ ನಮ್ಮ ಕಡೆ ಕೆಲವು ವರ್ಷಗಳವರೆಗೆ ನಡೆಯುತ್ತದೆ. ಅಷ್ಟರಲ್ಲಿ ಕೆಲಸ ಹಿಡಿಯಬೇಕು.

ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡದೆ ಮಾನಸಿಕ ಆರೋಗ್ಯ ಸೇವೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆಯಲ್ಲಿಯೇ ಬರೆದಿದೆ. ಎಚ್‌ಐವಿ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ, ಫಲಿತಾಂಶ ಗೋಪ್ಯ. ಅಪಾಯಕಾರಿ ಸಂಪರ್ಕವಾಗಿದೆ ಎನಿಸಿದರೆ 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ, ಆಸ್ಪತ್ರೆಗೆ ಹೋಗಿ, ಸೋಂಕು ತಗಲದಂತೆ ತಡೆಯುವ ಪಿಇಪಿ ಔಷಧಿ ಕೇಳಿ. ಅದನ್ನು 28 ದಿನ ತಪ್ಪದೆ ನುಂಗಬೇಕು. ಮಾಹಿತಿಗೆ 1097.

ಊರಿನ ಕೆಲಸ

ಇಲ್ಲಿ ಗೇ ಸಂಘ ಯಾವುದಿದೆ ಎಂದು ಹುಡುಕುತ್ತ ಕುಳಿತರೆ ನಿರಾಸೆಯಾಗಬಹುದು. ಊರಿನ ಸಾಮಾನ್ಯ ಕೆಲಸಗಳಲ್ಲಿ ಸೇರಿಕೊಳ್ಳಿ ಎಂಬುದೇ ನನ್ನ ಸಲಹೆ: ಎನ್‌ಎಸ್‌ಎಸ್ ಶಿಬಿರ, ರಂಗತಂಡ, ಕೆರೆ ಶುಚಿಗೊಳಿಸುವ ಗುಂಪು, ವಿದ್ಯಾರ್ಥಿವೇತನ ತಡವಾದಾಗ ಅರ್ಜಿ ಬರೆದುಕೊಡುವ ಕೆಲಸ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣುತ್ತಿಲ್ಲವೆಂದು ವಾರ್ಡನ್ ಬಳಿ ಮೊದಲು ಮಾತನಾಡಿದವನನ್ನು ಮುಂದೆ ಯಾರಾದರೂ ಆಡಿಕೊಂಡರೆ, ಅವನ ಪರವಾಗಿ ನಾಲ್ಕು ಜನ ನಿಲ್ಲುತ್ತಾರೆ. ದಾವಣಗೆರೆಗೆ ಈ ಬಗೆಯ ಒಗ್ಗಟ್ಟು ಹೊಸದಲ್ಲ. ಬಟ್ಟೆ ಗಿರಣಿಗಳ ಕಾಲದಲ್ಲಿ ಕಾರ್ಮಿಕ ಸಂಘಗಳು ಬಲವಾಗಿದ್ದ ಊರು ಇದು, ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ಶಾಸಕರಾಗಿ ಆರಿಸಿದ್ದ ಊರು.

ಮಂಗಳಮುಖಿಯರನ್ನು, ಜೋಗಪ್ಪಗಳನ್ನು ಕಂಡರೆ ದೂರ ಸರಿಯುವ ಗೇ ಹುಡುಗರೂ ಇದ್ದಾರೆ, ತಮ್ಮನ್ನೂ ಅವರ ಜೊತೆ ಸೇರಿಸಿಬಿಟ್ಟಾರು ಎಂಬ ಭಯದಿಂದ. ಈ ನಡತೆ ನನಗೆ ಒಪ್ಪಿಗೆಯಿಲ್ಲ. ಮರೆಯಲ್ಲಿ ಇರಲು ಸಾಧ್ಯವೇ ಇಲ್ಲದ ಅವರು ಬೀದಿಯಲ್ಲಿ ನಿಂತು ಪೆಟ್ಟು ತಿಂದು ಕೇಳಿದ್ದರಿಂದಲೇ, ಅವರನ್ನು ಮೂರನೇ ಲಿಂಗವೆಂದು ಮಾನ್ಯ ಮಾಡಿದ 2014ರ ನಾಲ್ಸಾ ತೀರ್ಪು ಬಂದಿತು, ಕರ್ನಾಟಕದ ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ 1ರ ಮೀಸಲಾತಿ ಬಂದಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಅವರ ಸಮುದಾಯದವರು ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡಲು ಹೋಗುವ ದಿನ, ಮನವಿಯನ್ನು ಟೈಪ್ ಮಾಡಿಕೊಡುವುದು ಓದಿದವನು ಮಾಡಬಹುದಾದ ಸಣ್ಣ ಕೆಲಸ.

ರಾಜಕೀಯ

ಕರ್ನಾಟಕದ ಕಾಲೇಜುಗಳಲ್ಲಿ ನೇರ ವಿದ್ಯಾರ್ಥಿ ಚುನಾವಣೆ ದಶಕಗಳಿಂದ ನಿಂತಿದೆ. ಹಾಗಾಗಿ ಕಾಲೇಜಿನೊಳಗಿನ ರಾಜಕೀಯವೆಂದರೆ ಅರ್ಜಿಯ ರಾಜಕೀಯ. ಅದರಿಂದಲೇ ಆರಂಭಿಸಿ. ಪ್ರಾಂಶುಪಾಲರಿಗೆ ಕೊಡುವ ಮನವಿ ಹೀಗಿದ್ದರೆ ಸಾಕು:

"ವಿಷಯ: ರ‍್ಯಾಗಿಂಗ್ ತಡೆ ಸೂಚನಾ ಫಲಕವನ್ನು ಪರಿಷ್ಕರಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಯುಜಿಸಿಯ 2016ರ ತಿದ್ದುಪಡಿಯು ಜಾತಿ, ಧರ್ಮ, ಬಣ್ಣ, ಭಾಷೆ, ಲಿಂಗ ಮತ್ತು ಲೈಂಗಿಕ ಒಲವಿನ ಆಧಾರದ ಕಿರುಕುಳವನ್ನು ರ‍್ಯಾಗಿಂಗ್ ಎಂದು ಪರಿಗಣಿಸಿರುತ್ತದೆ. ನಮ್ಮ ಕಾಲೇಜು ಹಾಗೂ ಹಾಸ್ಟೆಲಿನ ಫಲಕಗಳಲ್ಲಿ ಈ ಅಂಶವನ್ನು ಸೇರಿಸಬೇಕೆಂದು ಕೋರುತ್ತೇವೆ."

ಜಾತಿ, ಭಾಷೆ, ಬಣ್ಣ ಎಲ್ಲವೂ ಅದರಲ್ಲಿ ಇರುವುದರಿಂದ ಹತ್ತು ಜನ ಸಹಿ ಹಾಕಲು ಹಿಂಜರಿಯುವುದಿಲ್ಲ, ನಿಮ್ಮ ಸಹಿ ಅವುಗಳ ನಡುವೆ ಒಂದಾಗಿರುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು ಮತ್ತು ಇನ್‌ವರ್ಡ್ ನಂಬರು ಹಾಕಿಸಿಕೊಂಡೇ ಬನ್ನಿ. "ಆಮೇಲೆ ಹಾಕಿಕೊಡ್ತೀವಿ, ಹೋಗ್ರಿ" ಎಂದರೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತುಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯ ಸುಮ್ಮನಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಕ್ರಮ ಏನಾಯಿತೆಂದು ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಮಾಹಿತಿ ಏಕೆ ಬೇಕೆಂದು ಅವರು ಕೇಳುವಂತಿಲ್ಲ. ಹೆಸರು, ವಿಳಾಸ ಬರೆಯಲೇಬೇಕಾದ್ದರಿಂದ, ಈ ಅರ್ಜಿಯನ್ನು ಹಾಸ್ಟೆಲಿನ ಹೊರಗಿನ ಗೆಳೆಯನೊಬ್ಬನ ಹೆಸರಿನಲ್ಲಿ ಹಾಕಿಸುವುದೇ ಜಾಣತನ.

ವಿದ್ಯಾರ್ಥಿ ಸಂಘಟನೆಗೆ ಸೇರುವ ಮೊದಲು ಅದರ ಮುಂದಾಳುಗಳೊಡನೆ ಟೀ ಕುಡಿಯುತ್ತ ಎರಡು ಪ್ರಶ್ನೆ ಕೇಳಿ ನೋಡಿ: 2018ರ ತೀರ್ಪಿನ ಬಗ್ಗೆ ನಿಮ್ಮ ನಿಲುವೇನು, ಹಾಸ್ಟೆಲಿನಲ್ಲಿ ಇಂಥ ಹುಡುಗನೊಬ್ಬನಿಗೆ ಹೊಡೆದರೆ ನೀವು ಬರುತ್ತೀರಾ? ಬಾವುಟದ ಬಣ್ಣ ನೋಡಿ ಉತ್ತರವನ್ನು ಊಹಿಸಬೇಡಿ. ಸಮಾನತೆಯ ಭಾಷಣ ಮಾಡಿ ಜಯದೇವ ವೃತ್ತದಲ್ಲಿ ಘೋಷಣೆ ಕೂಗುವವರೂ ಈ ಪ್ರಶ್ನೆಗೆ ನಕ್ಕು ಮಾತು ಮರೆಸುವುದುಂಟು.

ಮತದಾರರ ಪಟ್ಟಿಗೆ ಸೇರಲು ನಮೂನೆ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಅರ್ಹತಾ ದಿನಾಂಕಗಳು. ಹಾಸ್ಟೆಲಿನಲ್ಲಿರುವವರು ಕಾಲೇಜಿನ ಪ್ರಮಾಣಪತ್ರ ಕೊಟ್ಟು ಇಲ್ಲಿಯೇ ಹೆಸರು ಸೇರಿಸಬಹುದು, ಆದರೆ ಎರಡು ಕಡೆ ಇರುವಂತಿಲ್ಲ. ಸ್ವಂತ ಊರಿನ ಮತವನ್ನು ಮನೆಯವರು ಹೇಳಿದವರಿಗೇ ಹಾಕಬೇಕಾದ ಒತ್ತಡವಿದ್ದರೆ, ಇಲ್ಲಿಗೆ ಬದಲಾಯಿಸಿಕೊಳ್ಳುವುದು ಮೇಲು.

ಸಂಸತ್ತಿನಲ್ಲಿ ಈ ವಿಷಯದ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. 2015ರ ಡಿಸೆಂಬರಿನಲ್ಲಿ 377ನೇ ಕಲಮನ್ನು ಬದಲಿಸುವ ಶಶಿ ತರೂರರ ಖಾಸಗಿ ಮಸೂದೆಯನ್ನು ಮಂಡಿಸಲೂ ಬಿಡದೆ ಲೋಕಸಭೆ 71–24 ಮತಗಳಿಂದ ತಳ್ಳಿಹಾಕಿತು. 2022ರಲ್ಲಿ ಸುಪ್ರಿಯಾ ಸುಳೆ ಸಲಿಂಗ ವಿವಾಹದ ಖಾಸಗಿ ಮಸೂದೆ ತಂದರು. ಸುಪ್ರಿಯೊ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಮದುವೆಯ ಮಾನ್ಯತೆಯನ್ನು ವಿರೋಧಿಸಿತು; 2024ರ ಚುನಾವಣೆಯ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ಸು ವ್ಯಾಪಕ ಸಮಾಲೋಚನೆಯ ನಂತರ ಸಲಿಂಗಿ ಜೋಡಿಗಳ ನಾಗರಿಕ ಒಕ್ಕೂಟಕ್ಕೆ (ಮದುವೆಯೆನ್ನದೆ ಜೋಡಿಗೆ ಕೊಡುವ ಕಾನೂನಿನ ಮಾನ್ಯತೆಗೆ) ಕಾನೂನು ತರುವುದಾಗಿ ಬರೆಯಿತು. ಬರೆದವರನ್ನು ಆ ಬಗ್ಗೆ ಕೇಳಬೇಕು, ವಿರೋಧಿಸಿದವರನ್ನು ಕಾರಣ ಕೇಳಬೇಕು. ಮದುವೆಯ ವಿಷಯ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ "ಅದೆಲ್ಲ ದಿಲ್ಲಿಯ ಕೆಲಸ" ಎಂದು ಶಾಸಕರು ಕೈತೊಳೆದುಕೊಳ್ಳುವಂತಿಲ್ಲ.

ಶಾಸಕರ ಕಚೇರಿಗೆ ಹೋಗುವಾಗ ಇಬ್ಬರು ಮೂವರು ಹೋಗಿ, ಒಂದೇ ಪುಟದ ಮನವಿ ಒಯ್ಯಿರಿ, ಒಂದೇ ಬೇಡಿಕೆ ಇಡಿ. ಬಾಡಿಗೆ ಮನೆ, ಕೆಲಸ, ಕಾಲೇಜುಗಳಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡುವುದನ್ನು ನಿಷೇಧಿಸುವ ರಾಜ್ಯ ಕಾನೂನು ಬೇಕು, ಅದರ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಿ ಎಂಬಷ್ಟು ಸಾಕು. ನೀವು ಯಾರೆಂದು ಕೇಳಿದರೆ "ಈ ಕ್ಷೇತ್ರದ ಮತದಾರರು" ಎನ್ನಿ. ಆಪ್ತ ಸಹಾಯಕರು ಮನವಿಯನ್ನು ಕಡತಕ್ಕೆ ಸೇರಿಸಿ "ಸಾಹೇಬರ ಗಮನಕ್ಕೆ ತರ್ತೀವಿ" ಎಂದು ಕಳುಹಿಸುತ್ತಾರೆ. ಅವರ ಹೆಸರು ಮತ್ತು ಆ ದಿನದ ತಾರೀಖನ್ನು ನಿಮ್ಮ ಪ್ರತಿಯ ಮೇಲೆ ಬರೆದುಕೊಂಡು, ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಅದೇ ಪ್ರತಿಯೊಂದಿಗೆ ಮತ್ತೆ ಹೋಗಿ.